ಕೋಡ್ ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಓಡುತ್ತಿದೆಯಾ?

ಪ್ರಶ್ನೆ: ನಾವು ಗಂಗಾವತಿಯ ಐವರು ಗೆಳೆಯರು. ಕಣ್ಣು ಕಾಣದವರು ಬಳಸುವ ಎನ್‌ವಿಡಿಎ ಸ್ಕ್ರೀನ್ ರೀಡರ್‌ಗೆ (ಪರದೆ ಮೇಲಿನದನ್ನು ಓದಿ ಹೇಳುವ ತಂತ್ರಾಂಶ) ಕನ್ನಡದ ಆಡ್‌ಆನ್, ಅಂದರೆ ಅದಕ್ಕೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ, ಬರೆಯುತ್ತಿದ್ದೇವೆ. ಪಹಣಿ, ಮಾರುಕಟ್ಟೆ ಧಾರಣೆ ಓದುವಾಗ 'ತಾ.', 'ಕ್ವಿಂ.', 'ಸ.ನಂ.' ಇಂಥವನ್ನು ಬಿಡಿಸಿ ಹೇಳಬೇಕು ಅನ್ನೋದು ಆಸೆ. ಕೋಡ್ ಪೆನ್‌ಡ್ರೈವ್‌ನಲ್ಲಿ, ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. 'ಫೈನಲ್', 'ಫೈನಲ್ 2', 'ಹೊಸ ಫೈನಲ್' ಅಂತ ಫೋಲ್ಡರ್‌ಗಳಾಗಿವೆ. ಬಿಲ್ಡ್ ಆಗೋದು, ಅಂದರೆ ಕೋಡ್‌ನಿಂದ ಬಳಸುವ ಫೈಲ್ ತಯಾರಾಗೋದು, ಒಬ್ಬನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ. ನಮ್ಮಲ್ಲಿ ಒಬ್ಬನಿಗೆ ಕಣ್ಣು ಕಾಣಿಸುವುದಿಲ್ಲ, ಅವನೂ ಕೋಡ್ ಬರೆಯುತ್ತಾನೆ. ಇದನ್ನೆಲ್ಲ ಹೇಗೆ ಜೋಡಿಸಿಕೊಳ್ಳಬೇಕು?

ಉತ್ತರ: ನಿಮ್ಮ ಪತ್ರದ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಕಣ್ಣು ಕಾಣದ ನಿಮ್ಮ ಗೆಳೆಯ ಒಬ್ಬನೇ ಕೂತು, ಯಾರನ್ನೂ ಕರೆಯದೆ, ಕೋಡ್ ಇಳಿಸಿಕೊಂಡು, ತಿದ್ದಿ, ಬಿಲ್ಡ್ ಮಾಡಿ, ಪರೀಕ್ಷೆ ಮಾಡುವಂತಿರಬೇಕು. ಫೋಲ್ಡರ್ ಹೇಗಿರಬೇಕು, ಯಾವ ಟೂಲ್ ಬೇಕು ಅನ್ನೋದನ್ನೆಲ್ಲ ಇದೇ ಅಳತೆಯಲ್ಲಿ ನೋಡಿ. ಅವನಿಗೆ ಸುಲಭವಾದದ್ದು ಉಳಿದ ನಾಲ್ವರಿಗೂ ಸುಲಭವೇ.

ಪೆನ್‌ಡ್ರೈವ್ ಇವತ್ತೇ ಬಿಡಿ. ಕೋಡ್‌ನ ಪ್ರತಿ ಬದಲಾವಣೆಯ ಲೆಕ್ಕ ಇಡುವ ಗಿಟ್ ಹಾಕಿಕೊಳ್ಳಿ, ಅಂಥ ಕೋಡ್ ಇಡುವ ಗಿಟ್‌ಹಬ್ ಎಂಬ ಜಾಲತಾಣದಲ್ಲಿ ಒಂದೇ ರೆಪಾಸಿಟರಿ (ಕೋಡ್‌ನ ಉಗ್ರಾಣ) ಇಡಿ. ಮೂರು 'ಫೈನಲ್'ಗಳಲ್ಲಿ ಈಗ ಓಡುತ್ತಿರುವುದನ್ನು ಮೊದಲ ಕಮಿಟ್ ಮಾಡಿ, ಅಂದರೆ ಗಿಟ್‌ನಲ್ಲಿ ದಾಖಲಿಸಿ. ಉಳಿದವನ್ನು ಬೇರೆ ಕಡೆ ಎತ್ತಿಟ್ಟು, ಬೇಕಾದ ಸಾಲುಗಳನ್ನು ಮಾತ್ರ ಒಂದೊಂದಾಗಿ ತಂದುಕೊಳ್ಳಿ.

ಬಿಲ್ಡ್ ಟೂಲ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎನ್‌ವಿಡಿಎ ಬಿಲ್ಡ್ ಆಗುವುದೇ ಎಸ್‌ಕಾನ್ಸ್ ಎಂಬ ಪೈಥಾನ್ ಟೂಲ್‌ನಿಂದ. ಆಡ್‌ಆನ್ ಬರೆಯುವವರಿಗಾಗಿ ಸಿದ್ಧ ಟೆಂಪ್ಲೇಟ್ ಇದೆ, ಅದೂ ಎಸ್‌ಕಾನ್ಸ್‌ನಲ್ಲೇ ನಡೆಯುತ್ತದೆ. ಅದನ್ನೇ ತೆಗೆದುಕೊಳ್ಳಿ. ಆಡ್‌ಆನ್ ಹೆಸರು, ಆವೃತ್ತಿ, ಯಾವ ಎನ್‌ವಿಡಿಎವರೆಗೆ ಪರೀಕ್ಷೆ ಮಾಡಿದ್ದೀರಿ ಅನ್ನೋದೆಲ್ಲ ಬಿಲ್ಡ್‌ವಾರ್ಸ್ ಅನ್ನೋ ಒಂದೇ ಫೈಲ್‌ನಲ್ಲಿ ಬರೆಯುತ್ತೀರಿ. ಎಸ್‌ಕಾನ್ಸ್ ಅಂತ ಒಂದು ಕಮಾಂಡ್ ಕೊಟ್ಟರೆ ಮ್ಯಾನಿಫೆಸ್ಟ್ (ಆಡ್‌ಆನ್‌ನ ವಿವರದ ಫೈಲ್) ತಾನೇ ತಯಾರಾಗುತ್ತದೆ, ನೀವು ಬರೆದ ಅನುವಾದದ ಪಿಒ ಫೈಲ್‌ಗಳು ಯಂತ್ರ ಓದುವ ಎಂಒ ಆಗುತ್ತವೆ, ಕೊನೆಗೆ ಆಡ್‌ಆನ್ ಫೈಲ್ ಕೈಗೆ ಬರುತ್ತದೆ. ಆ ಫೈಲ್ ಬೇರೇನೂ ಅಲ್ಲ, ಜಿಪ್ ಫೈಲೇ. ಒಳಗೆ ಏನು ಸೇರಿದೆ ಅಂತ ಬಿಚ್ಚಿ ನೋಡಬಹುದು.

ಹೀಗೆ ಯಂತ್ರ ತಯಾರಿಸಿದ ಯಾವುದನ್ನೂ ಗಿಟ್‌ಗೆ ಹಾಕಬೇಡಿ. ಎಂಒ ಫೈಲ್, ಮ್ಯಾನಿಫೆಸ್ಟ್, ಜಿಪ್ ಎಲ್ಲ ಗಿಟ್‌ಇಗ್ನೋರ್ ಪಟ್ಟಿಗೆ, ಅಂದರೆ ಗಿಟ್ ಲೆಕ್ಕಕ್ಕೆ ತೆಗೆದುಕೊಳ್ಳದ ಫೈಲ್‌ಗಳ ಪಟ್ಟಿಗೆ, ಹೋಗಲಿ. ನೀವು ಕೈಯಾರೆ ಬರೆದದ್ದು ಮಾತ್ರ ರೆಪಾಸಿಟರಿಯಲ್ಲಿ ಇರಲಿ. ಐದು ಜನ ಐದು ಸಲ ಬಿಲ್ಡ್ ಮಾಡಿ, ಎಲ್ಲವನ್ನೂ ಒಳಗೆ ಸೇರಿಸುತ್ತಾ ಹೋದರೆ, ಯಾರು ಏನು ಬದಲಿಸಿದರು ಅಂತ ಗೊತ್ತೇ ಆಗುವುದಿಲ್ಲ.

ಈಗ ನಿಮ್ಮ ಕೆಲಸದ ನಿಜವಾದ ತಿರುಳಿಗೆ ಬರೋಣ. 'ಕ್ವಿಂ.' ಅಂದರೆ ಕ್ವಿಂಟಲ್, 'ಸ.ನಂ.' ಅಂದರೆ ಸರ್ವೆ ನಂಬರ್. ಇವು ಸುಮ್ನೆ ಪದಪಟ್ಟಿ. ಇದನ್ನು ಪೈಥಾನ್ ಕೋಡ್ ಒಳಗೆ ತುರುಕಬೇಡಿ. ಸಾಲಿಗೆ ಒಂದು ಪದದಂತೆ ಬೇರೆ ಟೆಕ್ಸ್ಟ್ ಫೈಲ್‌ನಲ್ಲಿ ಇಡಿ. ಕೋಡ್ ಬಾರದ ಗ್ರಾಮ ಆಡಳಿತ ಅಧಿಕಾರಿಗಳೋ, ಎಪಿಎಂಸಿಯಲ್ಲಿ ಕೆಲಸ ಮಾಡುವವರೋ ಆ ಫೈಲ್ ತೆರೆದು ಪದ ಸೇರಿಸಬಹುದು. ಇಬ್ಬರು ಒಟ್ಟಿಗೆ ತಿದ್ದಿದರೂ ಗಿಟ್‌ನಲ್ಲಿ ಜಗಳ ಕಮ್ಮಿ.

ಆದರೆ 'ತಾ.' ಹಾಗಲ್ಲ. 'ತಾ. ಗಂಗಾವತಿ' ಅಂದರೆ ತಾಲ್ಲೂಕು. 'ತಾ. 15-8-2024' ಅಂದರೆ ತಾರೀಖು. ಮುಂದೆ ಅಂಕಿ ಇದೆಯೋ ಅಕ್ಷರ ಇದೆಯೋ ನೋಡಿ ತೀರ್ಮಾನಿಸಬೇಕು, ಅದು ಕೋಡ್‌ನ ಕೆಲಸ. ಪಹಣಿಯ ವಿಸ್ತೀರ್ಣ ಇನ್ನೂ ಸೂಕ್ಷ್ಮ. ಅಲ್ಲಿ 2.20 ಅಂತಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ, ಅಂದರೆ ಎರಡೂವರೆ ಎಕರೆ ಆಯ್ತು. 'ಎರಡು ಪಾಯಿಂಟ್ ಎರಡು ಸೊನ್ನೆ' ಅಂತ ಓದಿದರೆ ಕೇಳುವವರಿಗೆ ತಮ್ಮ ಹೊಲದ ಅಳತೆಯೇ ತಪ್ಪಾಗಿ ತಿಳಿಯುತ್ತದೆ. ಅದೇ 2.20 ಬೇರೆ ಕಾಲಂನಲ್ಲಿ ರೂಪಾಯಿ ಪೈಸೆ ಇದ್ದೀತು. ಹಾಗಾಗಿ ಈ ನಿಯಮ ವಿಸ್ತೀರ್ಣದ ಕಾಲಂಗೆ ಮಾತ್ರ ಅನ್ವಯಿಸಬೇಕು.

ಇಂಥ ನಿಯಮಗಳನ್ನೆಲ್ಲ ಒಂದು ಪ್ರತ್ಯೇಕ ಪೈಥಾನ್ ಫೈಲ್‌ನಲ್ಲಿ ಬರೆಯಿರಿ. ಅದರೊಳಗೆ ಎನ್‌ವಿಡಿಎಯ ಯಾವ ಮಾಡ್ಯೂಲನ್ನೂ (ಕೋಡ್‌ನ ಭಾಗ) ಇಂಪೋರ್ಟ್ ಮಾಡಬೇಡಿ, ಅಂದರೆ ಕರೆದು ಬಳಸಬೇಡಿ. ಆಗ ಸ್ಕ್ರೀನ್ ರೀಡರ್ ಇಲ್ಲದೆಯೇ ಮಾಮೂಲಿ ಪೈಥಾನ್‌ನಲ್ಲಿ ಪರೀಕ್ಷೆ ಓಡಿಸಬಹುದು. ಮೇಲಿನ ಒಂದೊಂದು ಉದಾಹರಣೆಯೂ ಒಂದೊಂದು ಪರೀಕ್ಷೆ ಆಗಲಿ. ಹೊಸ ತಪ್ಪು ಸಿಕ್ಕಾಗೆಲ್ಲ ಮೊದಲು ಪರೀಕ್ಷೆ ಬರೆದು, ಆಮೇಲೆ ಕೋಡ್ ತಿದ್ದಿ.

ಪದಪಟ್ಟಿಯನ್ನು ಎಕ್ಸೆಲ್‌ನಲ್ಲಿ ತಿದ್ದುವವರಿದ್ದರೆ ಹುಷಾರು. ಬರೀ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಟ್ಟ ಟೆಕ್ಸ್ಟ್ ಫೈಲ್) ಅಂತ ಸೇವ್ ಮಾಡಿದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆ ಆಗುತ್ತದೆ. ಯುಟಿಎಫ್-8 ಸಿಎಸ್‌ವಿ ಅಂತ ಸೇವ್ ಮಾಡಿದರೆ ಫೈಲ್‌ನ ತಲೆಯಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಸೇರಿಕೊಳ್ಳುತ್ತದೆ. ಅದರಿಂದ ಪಟ್ಟಿಯ ಮೊದಲ ಪದ ಮಾತ್ರ ಯಾವತ್ತೂ ಕೆಲಸ ಮಾಡುವುದಿಲ್ಲ, ಉಳಿದದ್ದೆಲ್ಲ ಸರಿ ಇರುತ್ತದೆ. ಪೈಥಾನ್‌ನಲ್ಲಿ ಫೈಲ್ ತೆರೆಯುವಾಗ ಎನ್‌ಕೋಡಿಂಗ್ 'ಯುಟಿಎಫ್-8-ಸಿಗ್' ಅಂತ ಕೊಡಿ, ಆ ಗುರುತು ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ. ಹಾಗೆಯೇ, ನೋಡೋಕೆ ಒಂದೇ ಥರ ಇರುವ 'ೋ' ಒಳಗೆ ಒಂದೇ ಅಕ್ಷರವಾಗಿರಬಹುದು, ಬಿಡಿ ಚಿಹ್ನೆಗಳ ಜೋಡಣೆಯೂ ಆಗಿರಬಹುದು. ಹೋಲಿಸುವ ಮುಂಚೆ ಎರಡನ್ನೂ ಯೂನಿಕೋಡ್ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತನ್ನಿ.

ನಿಮ್ಮ ಗೆಳೆಯನಿಗಾಗಿ ಇನ್ನೊಂದು ಮಾತು. ಕೋಡ್‌ನ ಇಂಡೆಂಟೇಶನ್‌ಗೆ (ಸಾಲಿನ ಮೊದಲು ಬಿಡುವ ಜಾಗ) ಟ್ಯಾಬ್ ಬಳಸಿ. ಎನ್‌ವಿಡಿಎ ಕೋಡ್ ಕೂಡ ಟ್ಯಾಬ್‌ನಲ್ಲೇ ಇದೆ. 'ಎರಡು ಟ್ಯಾಬ್' ಅಂತ ಕೇಳಿದರೆ ಎಷ್ಟನೇ ಮಟ್ಟ ಅಂತ ತಕ್ಷಣ ತಿಳಿಯುತ್ತದೆ, 'ಎಂಟು ಸ್ಪೇಸ್' ಅಂದರೆ ಲೆಕ್ಕ ಹಾಕಬೇಕು. ಎನ್‌ವಿಡಿಎ ಸೆಟ್ಟಿಂಗ್ಸ್‌ನಲ್ಲಿ ಇಂಡೆಂಟೇಶನ್ ಅನ್ನು ಮಾತಿನಲ್ಲಿ ಅಥವಾ ಸ್ವರದಲ್ಲಿ ಕೇಳಿಸುವ ಆಯ್ಕೆಯೂ ಇದೆ. ಬಿಲ್ಡ್ ತಪ್ಪಾದರೆ ಕೆಂಪು ಬಣ್ಣ ತೋರಿಸಿ ಸುಮ್ಮನಾಗಬಾರದು. ಯಾವ ಫೈಲ್, ಯಾವ ಸಾಲು ಅಂತ ಅಕ್ಷರದಲ್ಲಿ ಬರಲಿ. ಸಣ್ಣ ಬದಲಾವಣೆಗೆಲ್ಲ ಪೂರ್ತಿ ಬಿಲ್ಡ್ ಬೇಡ. ಎನ್‌ವಿಡಿಎಯ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನಲ್ಲಿ ಡೆವಲಪರ್ ಸ್ಕ್ರ್ಯಾಚ್‌ಪ್ಯಾಡ್ (ಕೋಡ್ ಪರೀಕ್ಷೆಗೆ ಇರುವ ಫೋಲ್ಡರ್) ಆನ್ ಮಾಡಿ, ಕೋಡ್ ಅಲ್ಲಿಟ್ಟು, ಎನ್‌ವಿಡಿಎ ಕೀ, ಕಂಟ್ರೋಲ್, ಎಫ್3 ಒತ್ತಿದರೆ ಪ್ಲಗಿನ್ ಹೊಸದಾಗಿ ಲೋಡ್ ಆಗುತ್ತದೆ.

ಒಬ್ಬನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಬಿಲ್ಡ್ ಆಗುವುದಕ್ಕೆ ಕಾರಣ ಸಾಮಾನ್ಯವಾಗಿ ಅಲ್ಲಿ ಯಾವಾಗಲೋ ಹಾಕಿ ಮರೆತ ಟೂಲ್ ಇರುತ್ತದೆ. ಪೈಥಾನ್, ಎಸ್‌ಕಾನ್ಸ್, ಮಾರ್ಕ್‌ಡೌನ್ (ಸಹಾಯಪುಟಕ್ಕೆ), ಗೆಟ್‌ಟೆಕ್ಸ್ಟ್ (ಅನುವಾದಕ್ಕೆ) ಇವುಗಳನ್ನು ಆವೃತ್ತಿ ಸಮೇತ ರೀಡ್‌ಮಿ ಫೈಲ್‌ನಲ್ಲಿ ಬರೆಯಿರಿ. ಆಮೇಲೆ ಗಿಟ್‌ಹಬ್‌ನ ಯಂತ್ರಗಳಲ್ಲೇ ಬಿಲ್ಡ್ ಮಾಡಿಕೊಡುವ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಬಿಲ್ಡ್ ಇಟ್ಟುಬಿಡಿ, ಸಾರ್ವಜನಿಕ ರೆಪಾಸಿಟರಿಗೆ ಅದು ಉಚಿತ. ಪ್ರತಿ ಸಲವೂ ಖಾಲಿ ಯಂತ್ರದಲ್ಲಿ ಮೊದಲಿನಿಂದ ಬಿಲ್ಡ್ ಆಗುತ್ತದೆ. ಏನು ಬಿಟ್ಟುಹೋಗಿದೆ ಅಂತ ಅದೇ ಹೇಳುತ್ತದೆ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ.

ಪ್ರಶ್ನೆ: ನಾನು ರಾಯಚೂರಿನಲ್ಲಿ ಕಣ್ಣು ಕಾಣದ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ಎನ್‌ವಿಡಿಎ ಕೆಲವು ಕನ್ನಡ ಪದಗಳನ್ನು ತಪ್ಪಾಗಿ ಉಚ್ಚರಿಸುತ್ತದೆ. ಸೋರ್ಸ್ ಕೋಡ್‌ನಲ್ಲಿ ಎಲ್ಲಿ ತಿದ್ದಬೇಕು?

ಉತ್ತರ: ಮೇಡಂ, ನೀವು ಹುಡುಕಬೇಕಾದದ್ದು ಎನ್‌ವಿಡಿಎ ಕೋಡ್‌ನಲ್ಲಿ ಅಲ್ಲ. ಅದರ ಜೊತೆ ಬರುವ ಧ್ವನಿ, ಬರಹವನ್ನು ಮಾತಾಗಿಸುವ ಇಸ್ಪೀಕ್ ಎನ್‌ಜಿ ಎಂಬ ಬೇರೆಯೇ ಪ್ರಾಜೆಕ್ಟ್‌ನದು. ಎನ್‌ವಿಡಿಎ ಕೀ, ಕಂಟ್ರೋಲ್, ಎಸ್ ಒತ್ತಿ ನೀವು ಬಳಸುತ್ತಿರುವುದು ಅದೇನಾ ಅಂತ ಖಚಿತ ಮಾಡಿಕೊಳ್ಳಿ.

ಇಸ್ಪೀಕ್ ಸೋರ್ಸ್‌ನಲ್ಲಿ ಡಿಕ್ಟ್‌ಸೋರ್ಸ್ ಎಂಬ ಫೋಲ್ಡರ್ ಇದೆ. ಅದರಲ್ಲಿ 'ಕೆಎನ್ ರೂಲ್ಸ್' ಫೈಲ್ ಯಾವ ಅಕ್ಷರಕ್ಕೆ ಯಾವ ಧ್ವನಿ ಅಂತ ಹೇಳುತ್ತದೆ. 'ಕೆಎನ್ ಲಿಸ್ಟ್' ಫೈಲ್‌ನಲ್ಲಿ ನಿಯಮಕ್ಕೆ ಸಿಗದ ಪದಗಳು, ಅಂಕಿಗಳು ಇರುತ್ತವೆ. ಒಂದೇ ಪದ ತಪ್ಪಿದ್ದರೆ ಲಿಸ್ಟ್ ತಿದ್ದಿ. ಒಂದೇ ಥರದ ಹಲವು ಪದಗಳು ತಪ್ಪಿದ್ದರೆ ರೂಲ್ಸ್ ನೋಡಿ. ಎರಡೂ ಮಾಮೂಲಿ ಟೆಕ್ಸ್ಟ್ ಫೈಲ್‌ಗಳೇ, ನೋಟ್‌ಪ್ಯಾಡ್ ಸಾಕು. ತಿದ್ದಿದ ಮೇಲೆ ಇಸ್ಪೀಕ್‌ನ ಕಂಪೈಲ್ ಆಯ್ಕೆಗೆ ಕನ್ನಡದ ಸಂಕೇತ ಕೊಟ್ಟು ಓಡಿಸಿದರೆ ಕನ್ನಡದ ನಿಘಂಟು ಮತ್ತೆ ತಯಾರಾಗುತ್ತದೆ, ತಕ್ಷಣ ಕೇಳಿ ನೋಡಬಹುದು.

ಆ ತಿದ್ದುಪಡಿಯನ್ನು ನಿಮ್ಮ ಲ್ಯಾಬಿನಲ್ಲೇ ಇಟ್ಟುಕೊಳ್ಳಬೇಡಿ, ದಯವಿಟ್ಟು. ಇಸ್ಪೀಕ್ ಎನ್‌ಜಿಯ ಗಿಟ್‌ಹಬ್ ಪುಟಕ್ಕೆ ಕಳಿಸಿ. ಪದ ಯಾವುದು, ಈಗ ಹೇಗೆ ಕೇಳಿಸುತ್ತದೆ, ಹೇಗೆ ಕೇಳಿಸಬೇಕು, ಯಾವ ಆವೃತ್ತಿ ಅನ್ನೋ ನಾಲ್ಕು ವಿಷಯ ಬರೆದರೆ ಸಾಕು. ಅಲ್ಲಿ ಒಪ್ಪಿಗೆಯಾದರೆ ಮುಂದೆ ಎನ್‌ವಿಡಿಎ ಆ ಹೊಸ ಇಸ್ಪೀಕ್ ಸೇರಿಸಿಕೊಂಡಾಗ ಎಲ್ಲ ಊರಿನ ಮಕ್ಕಳಿಗೂ ಸಿಗುತ್ತದೆ. ಅಲ್ಲಿವರೆಗೆ ಎನ್‌ವಿಡಿಎಯ ಸ್ಪೀಚ್ ಡಿಕ್ಷನರಿಯಲ್ಲಿ (ಓದುವಾಗ ಒಂದು ಪದದ ಬದಲು ಇನ್ನೊಂದನ್ನು ಹೇಳಿಸುವ ಪಟ್ಟಿ) ಆ ಪದವನ್ನು ಸರಿಯಾಗಿ ಕೇಳಿಸುವ ಹಾಗೆ ಬರೆದುಕೊಳ್ಳಿ. ಹೊಸ ಆವೃತ್ತಿ ಬಂದ ದಿನ ಅದನ್ನು ಮರೆಯದೆ ಅಳಿಸಿ. ಇಲ್ಲದಿದ್ದರೆ ಅಲ್ಲಿ ಸರಿಯಾದ ಉಚ್ಚಾರವನ್ನು ನಿಮ್ಮ ಡಿಕ್ಷನರಿ ಇಲ್ಲಿ ಮತ್ತೆ ಕೆಡಿಸುತ್ತದೆ.