ಡಿ-ಅಡಿಕ್ಷನ್ ಕೌನ್ಸೆಲರ್ ಆಗಲು ಆರು ತಿಂಗಳ ಡಿಪ್ಲೊಮಾ ಸಾಕಾ?

ಬಿಎ ಸೈಕಾಲಜಿ ಮುಗಿಯುತ್ತಿದೆ, ಮುಂದೆ ಆನ್‌ಲೈನ್ ಡಿಪ್ಲೊಮಾ ಮಾಡಿದರೆ ಆಗುತ್ತಾ, ಕೆಲಸ ಹೇಗಿರುತ್ತೆ ಅಂತ ಕೇಳಿದ್ದೀರಿ. ನಾನು ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ (ಮಾನಸಿಕ ಆರೋಗ್ಯ ಕ್ಷೇತ್ರದ ಸಮಾಜಕಾರ್ಯಕರ್ತೆ). ನನ್ನ ಉತ್ತರ: ಸಾಲದು.

ಕೌನ್ಸೆಲರ್ ಅಂತ ಬೋರ್ಡ್ ಯಾರು ಬೇಕಾದರೂ ಹಾಕಿಕೊಳ್ಳುತ್ತಾರೆ. ಆದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಬೇಕು. ನನ್ನ ದಾರಿ ಬೇರೆ: ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ), ಆಮೇಲೆ ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್‌ನಲ್ಲಿ ಎರಡು ವರ್ಷದ ಎಂ.ಫಿಲ್. ಈ ಎಂ.ಫಿಲ್‌ಗೂ, ಕ್ಲಿನಿಕಲ್ ಸೈಕಾಲಜಿ ಎಂ.ಫಿಲ್‌ಗೂ ಬೆಂಗಳೂರಿನ ನಿಮ್ಹಾನ್ಸ್ ಇದೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಎಂ.ಫಿಲ್ ನಿಯಮಗಳು ಈಗ ಬದಲಾಗುತ್ತಿವೆ, ಫೀಸು ಕಟ್ಟುವ ಮುಂಚೆ ವಿಚಾರಿಸಿ.

ಇಷ್ಟೆಲ್ಲ ಓದು ಯಾಕೆ ಅಂದರೆ, ಈ ಕೆಲಸದಲ್ಲಿ ಬರೀ ಸಮಾಧಾನ ಹೇಳಿದರೆ ಆಗಲ್ಲ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ಬಿಟ್ಟರೆ ಕೈ ನಡುಗುತ್ತೆ, ಫಿಟ್ಸ್ ಬರಬಹುದು. ಎರಡು-ಮೂರು ದಿನಕ್ಕೆ 'ಗೋಡೆ ಮೇಲೆ ಹುಳ ಹರೀತಿದೆ' ಅನ್ನುತ್ತಾರೆ. ಅದು ಜೀವಕ್ಕೇ ಅಪಾಯ. ಆಗ ಕೌನ್ಸೆಲಿಂಗ್ ಅಲ್ಲ, ಆಸ್ಪತ್ರೆ. ಅದನ್ನು ಗುರುತಿಸುವುದು ನಿಮಗೆ ಗೊತ್ತಿರಬೇಕು.

ಇನ್ನೊಂದು, ಅರ್ಧಕ್ಕರ್ಧ ಮಾತು ಮನೆಯವರ ಜೊತೆ. ಹೆಂಡತಿ ಪಕ್ಕಕ್ಕೆ ಕರೆದು, 'ಮೇಡಂ, ಆ ಮಾತ್ರೆ ಪುಡಿ ಮಾಡಿ ಸಾರಲ್ಲಿ ಹಾಕಿಬಿಡ್ಲಾ?' ಅಂತ ಕೇಳುತ್ತಾರೆ. ಕೇಳದವರೇ ಕಮ್ಮಿ. ಆ ಮಾತ್ರೆ ಅಂದರೆ ಡೈಸಲ್ಫಿರಾಂ, ಕುಡಿತ ಬಿಡಿಸಲು ಕೊಡುವುದು. ಅದನ್ನು ಗೊತ್ತಿಲ್ಲದೆ ತಿಂದು ಆತ ಒಂದು ಕ್ವಾರ್ಟರ್ ಹಾಕಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಇಳಿದು ಪ್ರಾಣಕ್ಕೇ ಕುತ್ತು ಬರಬಹುದು. ಬೇಡಮ್ಮ ಅಂತ ಹೇಳಬೇಕು, ಆದರೆ ಆಕೆಯನ್ನು ಗದರಿಸುವಂತಿಲ್ಲ. ಎಲ್ಲ ಮಾಡಿ ಸೋತು ಬಂದಿರುತ್ತಾರೆ. ಬಿಟ್ಟವರು ಮತ್ತೆ ಶುರು ಮಾಡಿಕೊಂಡು ಬರುವುದೂ ಮಾಮೂಲಿ. ಅದಕ್ಕೆ ಬೇಜಾರಾಗುವವರಿಗೆ ಈ ಕೆಲಸ ಕಷ್ಟ.

ಸಂಬಳ? ಶುರುವಿಗೆ ಜಾಸ್ತಿ ಇಲ್ಲ, ಸುಮ್ನೆ ಆಸೆ ಹುಟ್ಟಿಸಲ್ಲ. ಕೇಂದ್ರದ ಅನುದಾನದ ವ್ಯಸನಮುಕ್ತಿ ಕೇಂದ್ರಗಳು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ (14416), ಎಲ್ಲ ಕಡೆ ಹುದ್ದೆಗಳಿವೆ, ಬಹುತೇಕ ಗುತ್ತಿಗೆ. ಕನ್ನಡದಲ್ಲಿ ಚೆನ್ನಾಗಿ ಮಾತಾಡುವವರಿಗೆ ಇಲ್ಲಿ ಬೆಲೆ ಇದೆ.

ಅರ್ಜಿ ಹಾಕುವ ಮುಂಚೆ ಆಲ್ಕೊಹಾಲಿಕ್ಸ್ ಅನಾನಿಮಸ್‌ನ (ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಸೇರಿ ನಡೆಸುವ ಕೂಟ) ಓಪನ್ ಮೀಟಿಂಗ್ ಒಂದಕ್ಕೆ ಹೋಗಿ ಬನ್ನಿ. ಓಪನ್ ಅಂದರೆ ಹೊರಗಿನವರೂ ಕೂರಬಹುದು. ನೋಟ್‌ಬುಕ್ ಮಾತ್ರ ಮನೆಯಲ್ಲೇ ಬಿಡಿ. ಅಲ್ಲಿ ಕೇಳಿದ್ದು ಅಲ್ಲೇ ಇರಬೇಕು.