ಲಾಗಿನ್, ಲಾಗೌಟ್ ಆದಾಗ ಕಮಾಂಡ್ ತಾನಾಗೇ ಓಡಬೇಕಾದರೆ

ಲಾಗೌಟ್ ಆದಾಗ ತಾತ್ಕಾಲಿಕ ಫೈಲ್ ಅಳಿಸಬೇಕು ಅಂತ ಹೇಳಿ ನೀವು ಕೇಳಿದ್ದು ಎರಡು. ಉಬುಂಟುವಿನಲ್ಲಿ .ಬ್ಯಾಶ್‌ಆರ್‌ಸಿ ಫೈಲಿಗೆ ಹಾಕಿದ ಕಮಾಂಡ್ ಟರ್ಮಿನಲ್ ತೆರೆದಾಗಲೆಲ್ಲ ಯಾಕೆ ಓಡುತ್ತದೆ? .ಬ್ಯಾಶ್_ಲಾಗೌಟ್‌ಗೆ ಹಾಕಿದ್ದು ಯಾಕೆ ಓಡುವುದೇ ಇಲ್ಲ? ಎರಡಕ್ಕೂ ಕಾರಣ ಒಂದೇ: ನಿಮ್ಮದು ಲಾಗಿನ್ ಶೆಲ್ ಅಲ್ಲ. ಶೆಲ್ ಅಂದರೆ ನೀವು ಹೊಡೆದ ಕಮಾಂಡ್ ಓಡಿಸುವ ಪ್ರೋಗ್ರಾಂ, ಇಲ್ಲಿ ಅದು ಬ್ಯಾಶ್. ಲಾಗಿನ್ ಆದಾಗ ಶುರುವಾಗುವುದು ಲಾಗಿನ್ ಶೆಲ್. (ಹೆಸರುಗಳನ್ನು ಓದಲಿಕ್ಕೆಂದು ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.)

ಉಬುಂಟು ಡೆಸ್ಕ್‌ಟಾಪ್‌ನಲ್ಲಿ ತೆರೆಯುವ ಟರ್ಮಿನಲ್ ಸಾಮಾನ್ಯವಾಗಿ ಬರೀ .ಬ್ಯಾಶ್‌ಆರ್‌ಸಿ ಓದುತ್ತದೆ. ಬೇರೆ ಕಂಪ್ಯೂಟರ್‌ನಿಂದ ಎಸ್‌ಎಸ್‌ಎಚ್ ಮೂಲಕ ಒಳಗೆ ಬಂದರೆ ಸಿಗುವುದು ಲಾಗಿನ್ ಶೆಲ್. ಮ್ಯಾಕ್‌ನ ಟರ್ಮಿನಲ್, ಟಿಮಕ್ಸ್ (ಒಂದೇ ಟರ್ಮಿನಲ್‌ನಲ್ಲಿ ಹಲವು ಶೆಲ್ ನಡೆಸುವ ಪ್ರೋಗ್ರಾಂ) ಎರಡೂ ಪ್ರತಿ ಸಲ ಲಾಗಿನ್ ಶೆಲ್ಲನ್ನೇ ತೆರೆಯುತ್ತವೆ. ಅನುಮಾನವಿದ್ದರೆ 'ಶಾಪ್ಟ್ ಲಾಗಿನ್_ಶೆಲ್' ಅಂತ ಹೊಡೆದು ನೋಡಿ, ಆನ್ ಅಥವಾ ಆಫ್ ಅಂತ ಹೇಳುತ್ತದೆ.

ಲಾಗಿನ್ ಶೆಲ್ ಆದರೆ ಬ್ಯಾಶ್ ಮೊದಲು /ಇಟಿಸಿ/ಪ್ರೊಫೈಲ್ ಓದುತ್ತದೆ. ಆಮೇಲೆ ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ .ಬ್ಯಾಶ್_ಪ್ರೊಫೈಲ್, .ಬ್ಯಾಶ್_ಲಾಗಿನ್, .ಪ್ರೊಫೈಲ್ ಹೀಗೆ ಸಾಲಾಗಿ ಹುಡುಕಿ, ಮೊದಲು ಸಿಕ್ಕ ಒಂದನ್ನು ಮಾತ್ರ ಓದುತ್ತದೆ. ನಾನು ಎಡವಿದ್ದು ಇಲ್ಲೇ. ಉಬುಂಟು ಕೊಡುವುದು .ಪ್ರೊಫೈಲ್, ಅದೇ .ಬ್ಯಾಶ್‌ಆರ್‌ಸಿಯನ್ನೂ ಕರೆಯುತ್ತದೆ. ನಾನು ಯಾವುದೋ ಪಾಠ ನೋಡಿ ಎರಡೇ ಸಾಲಿನ ಹೊಸ .ಬ್ಯಾಶ್_ಪ್ರೊಫೈಲ್ ಮಾಡಿದೆ. ಮುಂದಿನ ಲಾಗಿನ್‌ಗೆ ಏಲಿಯಸ್ (ಕಮಾಂಡ್‌ಗೆ ಇಟ್ಟ ಅಡ್ಡಹೆಸರು) ಇಲ್ಲ, ಪ್ರಾಂಪ್ಟಿನ ಬಣ್ಣ ಇಲ್ಲ, ಪಾತ್ (ಕಮಾಂಡ್ ಹುಡುಕುವ ಜಾಗಗಳ ಪಟ್ಟಿ) ಕೂಡ ಅರ್ಧ! ಹಾಗಾಗಿ ಹೊಸ ಫೈಲ್ ಬೇಡ, ಇರುವ .ಪ್ರೊಫೈಲ್‌ನ ಕೊನೆಗೇ ಸೇರಿಸಿ.

ಇನ್ನು ಲಾಗೌಟ್. ಲಾಗಿನ್ ಶೆಲ್‌ನಿಂದ ಎಕ್ಸಿಟ್ ಅಂತ ಹೊಡೆದು ಅಥವಾ ಕಂಟ್ರೋಲ್-ಡಿ ಒತ್ತಿ ಹೊರಬಂದರೆ .ಬ್ಯಾಶ್_ಲಾಗೌಟ್ ಓಡುತ್ತದೆ. ಕನೆಕ್ಷನ್ ಕಡಿದುಹೋದರೆ ಓಡುವುದಿಲ್ಲ. ಬ್ಯಾಕಪ್‌ನಂಥ ಮುಖ್ಯ ಕೆಲಸವನ್ನು ಅದರ ಮೇಲೆ ಬಿಡಬೇಡಿ, ಅದಕ್ಕೆ ನಿಗದಿತ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್ ಇದೆ. ಲಾಗಿನ್ ಶೆಲ್‌ನಲ್ಲಾದರೆ, ನೀವು ಹೇಳಿದ ತಾತ್ಕಾಲಿಕ ಫೈಲ್ ಅಳಿಸುವ ಕೆಲಸಕ್ಕೆ ಇದು ಸಾಕು. ಆದರೆ ಒಂದು ಎಚ್ಚರ: ಇದು ಪ್ರತಿ ಸೆಷನ್ ಮುಗಿದಾಗಲೂ ಓಡುತ್ತದೆ, ಕೊನೆಯದು ಮುಗಿದಾಗ ಮಾತ್ರ ಅಲ್ಲ. ಎರಡು ಸೆಷನ್ ತೆರೆದಿಟ್ಟು ಒಂದರಿಂದ ಹೊರಬಂದರೆ ಇನ್ನೊಂದು ಬಳಸುತ್ತಿರುವ ಫೈಲೂ ಹೋಗುತ್ತದೆ ಅಲ್ವಾ? ಫೈಲ್ ಹೆಸರಿಗೆ $$ ಸೇರಿಸಿ. ಅದು ಆ ಶೆಲ್‌ನ ಪ್ರೊಸೆಸ್ ನಂಬರ್, ಅಳಿಸುವಾಗಲೂ ಅದನ್ನೇ ಬಳಸಿ.

ಲಾಗಿನ್ ಅಲ್ಲದ ಶೆಲ್ ಮುಚ್ಚುವಾಗಲೂ ಏನಾದರೂ ಓಡಬೇಕೆಂದರೆ .ಬ್ಯಾಶ್‌ಆರ್‌ಸಿಯಲ್ಲಿ ಹೀಗೆ ಬರೆಯಿರಿ (0 ಅಂದರೆ ಶೆಲ್ ಮುಗಿಯುವಾಗ):

ಟ್ರಾಪ್ 'ನಿಮ್ಮ ಕಮಾಂಡ್' 0

ಲಾಗೌಟ್ ಫೈಲೇ ಇಲ್ಲದ ಡ್ಯಾಶ್‌ನಂಥ ಶೆಲ್‌ಗೂ ಇದೇ ದಾರಿ, ಅಲ್ಲಿ .ಪ್ರೊಫೈಲ್‌ಗೆ ಹಾಕಿದರಾಯಿತು. ಝಡ್‌ಶೆಲ್ ಬಳಸುವವರಿಗೆ .ಝಡ್‌ಲಾಗಿನ್, .ಝಡ್‌ಲಾಗೌಟ್ ಇವೆ. ಸಿ ಶೆಲ್‌ನಲ್ಲಿ ಸುಮ್ನೆ .ಲಾಗಿನ್, .ಲಾಗೌಟ್.

ಬದಲಾಯಿಸಿದ್ದನ್ನು ಪರೀಕ್ಷಿಸಲು 'ಬ್ಯಾಶ್ -ಎಲ್' ಕೊಡಿ, ಹೊಸ ಲಾಗಿನ್ ಶೆಲ್ ತೆರೆಯುತ್ತದೆ. ಸರ್ವರ್ ಆದರೆ, ಇನ್ನೊಂದು ಲಾಗಿನ್ ಸರಿಯಾಗಿ ಆಗುವವರೆಗೆ ಈಗಿರುವ ಸೆಷನ್ ಮುಚ್ಚಬೇಡಿ. ಪ್ರೊಫೈಲ್‌ನಲ್ಲಿ ತಪ್ಪಿಗೆ ಒಂದು ಎಕ್ಸಿಟ್ ಉಳಿದರೂ ಸಾಕು, ಒಳಗೆ ಬಂದ ಕ್ಷಣವೇ ಹೊರಗೆ ಹಾಕುತ್ತದೆ.