ಮೂಲೇಲಿ ಬರೋ 'ವೈರಸ್ ಇದೆ' ಮೆಸೇಜು ನಿಲ್ಸೋದು ಹೆಂಗೆ
ಸಾರ್, ನಿಮ್ಮ ತಂದೆ ಕಂಪ್ಯೂಟರಲ್ಲಿ ಬಲಗಡೆ ಕೆಳಗೆ 'ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ' ಅಂತ ಬರ್ತಿದೆ ಅಂದ್ರಲ್ಲ, ಅದು ಸುಳ್ಳು ಕಣ್ರೀ, ಮೈಕ್ರೋಸಾಫ್ಟ್‌ನೋರ ಅಸಲಿ ವಾರ್ನಿಂಗಲ್ಲಿ ಫೋನ್ ನಂಬರ್ ಇರಲ್ಲ. ಯಾವುದೋ ಸೈಟು ನೋಟಿಫಿಕೇಶನ್ ಕಳಿಸ್ಲಾ ಅಂತ ಕೇಳ್ದಾಗ 'ಅಲೋ' (Allow) ಒತ್ತಿಬಿಟ್ಟಿರ್ತಾರೆ ಅಷ್ಟೇ, ಮಂಡ್ಯದಲ್ಲಿ ನಮ್ ಮಾವ ಪಂಚಾಂಗ ನೋಡಕ್ಕೋಗಿ ಹಿಂಗೇ ಮಾಡ್ಕೊಂಡು ಎರಡು ದಿನ ಸಿಸ್ಟಮ್ಮೇ ಮುಟ್ಟಿರ್ಲಿಲ್ಲ. ಕ್ರೋಮ್ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವೆಸಿ ಅಂಡ್ ಸೆಕ್ಯುರಿಟಿ, ಅದ್ರೊಳಗೆ ಸೈಟ್ ಸೆಟ್ಟಿಂಗ್ಸ್, ಆಮೇಲೆ ನೋಟಿಫಿಕೇಶನ್ಸ್, ಅಲ್ಲಿ ಗುರುತಿಲ್ಲದ ಸೈಟ್ ಹೆಸ್ರು ಕಂಡ್ರೆ ಬ್ಲಾಕ್ ಮಾಡಿ. ಸ್ಕ್ರೀನ್ ಪೂರ್ತಿ ತುಂಬ್ಕೊಂಡು ಕೂಗ್ತಿದ್ರೆ ಕಂಟ್ರೋಲ್ ಶಿಫ್ಟ್ ಎಸ್ಕೇಪ್ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಲ್ಲಿ ಬ್ರೌಸರ್ ಕ್ಲೋಸ್ ಮಾಡಿ, ಮತ್ತೆ ತೆಗೆದಾಗ ಹಳೇ ಪೇಜ್ ರಿಸ್ಟೋರ್ ಮಾತ್ರ ಕೊಡ್ಬೇಡಿ. ಈಗಾಗ್ಲೇ ಫೋನ್ ಮಾಡಿ ದುಡ್ಡು ಕಟ್ಟಿದ್ರೆ ತಡ ಮಾಡ್ದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ, ಬ್ಯಾಂಕ್‌ಗೂ ಹೇಳಿ.